ಸುಳೇಭಾವಿಯ ಹುಡುಗ ಮತ್ತೆ ವಿದ್ಯಾರ್ಥಿಯಾದದ್ದು

ಟಿವಿಯ ಮಕ್ಕಳ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮತ್ತೆ ಮತ್ತೆ ಆಡುವ ಒಂದು ಮಾತಿದೆ: "ಕಣ್ಣು ಮುಚ್ಕೊಂಡು ಕೇಳಿದ್ರೆ ಜಾನಕಮ್ಮನೇ ಹಾಡಿದ ಹಾಗಿತ್ತು ಪುಟ್ಟಾ." ಮಗು ನಾಚಿಕೊಳ್ಳುತ್ತದೆ, ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಮನೆಯಲ್ಲಿ ಕೂತು ನಾನೂ ತಟ್ಟಿದ್ದೇನೆ. ಎಂಟೊಂಬತ್ತು ವರ್ಷದ ಕೊರಳು ಅಷ್ಟು ಕಠಿಣವಾದ ಹಾಡನ್ನು ಒಂದು ಎಳೆಯೂ ಜಾರದಂತೆ ಹಾಡಿದಾಗ ಮೈ ಜುಮ್ಮೆನ್ನದಿದ್ದರೆ ಹೇಗೆ? ಆದರೆ ಆ ಹೊಗಳಿಕೆ ಸಲ್ಲುತ್ತಿರುವುದು ಯಾರಿಗೆ ಎಂದು ಕೇಳಿಕೊಂಡಾಗ ಮನಸ್ಸು ಸ್ವಲ್ಪ ಕಸಿವಿಸಿಗೊಳ್ಳುತ್ತದೆ. ಇನ್ನೊಬ್ಬರ ದನಿ ಆ ಮಗುವಿನ ಬಾಯಲ್ಲಿ ಕೇಳಿಸಿತು ಎನ್ನುವುದೇ ನಮ್ಮ ಸಂತೋಷ. ಮಗುವಿನ ಸ್ವಂತ ದನಿ ಯಾವುದು ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ, ಮಗುವಿಗೂ.

ಬಾಲಪ್ರತಿಭೆಗಳ ವಿಷಯ ಬಂದಾಗಲೆಲ್ಲ ನನ್ನ ಮನಸ್ಸು ಹೋಗುವುದು ನಮ್ಮ ಬೆಳಗಾವಿ ಸೀಮೆಯ ಒಬ್ಬ ಹುಡುಗನ ಕಡೆಗೆ. ಶಿವಪುತ್ರ ಸಿದ್ರಾಮಯ್ಯ ಕೊಮಕಾಳಿಮಠ. 1924ರ ಏಪ್ರಿಲ್ 8ರಂದು ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವನು. ಲೋಕಕ್ಕೆ ಅವನು ಹಿಂದೂಸ್ತಾನಿ ಗಾಯಕ ಪಂಡಿತ್ ಕುಮಾರ ಗಂಧರ್ವ. ಬಾಲ್ಯದಲ್ಲಿ ಸಿಕ್ಕ ಕೀರ್ತಿಯನ್ನು ದಾಟಿ ಇಷ್ಟು ದೂರ ನಡೆದ ಇನ್ನೊಬ್ಬ ಕನ್ನಡಿಗನನ್ನು ನಾನು ಕಾಣೆ. ಹೇಗೆ ದಾಟಿದ ಎನ್ನುವುದರಲ್ಲಿ ಇವತ್ತಿನ ತಂದೆತಾಯಂದಿರಿಗೆ, ಮೇಷ್ಟ್ರುಗಳಿಗೆ, ಚಪ್ಪಾಳೆ ತಟ್ಟುವ ನಮಗೆ ತಿಳಿಯಬೇಕಾದದ್ದು ಬಹಳ ಇದೆ ಎಂದು ನನ್ನ ನಂಬಿಕೆ.

ತಂದೆ ಸಿದ್ರಾಮಯ್ಯನವರಿಗೆ ಹಾಡಿನ ಹುಚ್ಚು. ಸ್ವತಃ ಹಾಡುತ್ತಿದ್ದರು. ಮನೆಯಲ್ಲಿ ಸಂಗೀತದ ಮಾತು, ಸುತ್ತಮುತ್ತ ನಾಟಕ ಕಂಪನಿಗಳ ಹಾಡು, ಗ್ರಾಮೊಫೋನ್ ಪ್ಲೇಟು. ಏಳರ ಆಸುಪಾಸಿನಲ್ಲಿ ಹುಡುಗ ಇದ್ದಕ್ಕಿದ್ದಂತೆ ಹಾಡತೊಡಗಿದ. ಅದೂ ಎಂಥ ಹಾಡು! ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್ ಅವರಂಥ ದಿಗ್ಗಜರ ಪ್ಲೇಟುಗಳನ್ನು ಇದ್ದದ್ದು ಇದ್ದಂತೆ ಒಪ್ಪಿಸುತ್ತಿದ್ದ. ಕಿರಾಣಾ ಘರಾಣೆಯ (ಘರಾಣೆ ಎಂದರೆ ಗುರುಪರಂಪರೆಯಿಂದ ಬಂದ ಹಾಡುವ ಶೈಲಿ) ಕರೀಂ ಖಾನರದು ತೆಳುವಾದ, ಜೇನಿನಂತೆ ಎಳೆಯುವ ದನಿ. ಆಗ್ರಾ ಘರಾಣೆಯ ಫೈಯಾಜ್ ಖಾನರದು ಎದೆಯಾಳದಿಂದ ಬರುವ ಗಂಡು ದನಿ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡನ್ನೂ ಒಂದೇ ಎಳೆಯ ಗಂಟಲು ಹಿಡಿದು ತೋರಿಸುತ್ತಿತ್ತು. ಮಠವೊಂದರ ಸ್ವಾಮಿಗಳು ಅವನ ಹಾಡು ಕೇಳಿ "ಕುಮಾರ ಗಂಧರ್ವ" ಎಂದು ಕರೆದರು. ಹೆಸರು ಅಂಟಿಕೊಂಡಿತು, ಎಪ್ಪತ್ತರ ಹತ್ತಿರ ಬಂದಾಗಲೂ ಆತ ಕುಮಾರನೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಬಾಲಪ್ರತಿಭೆ ಅದಕ್ಕಿಂತ ಐವತ್ತು ವರ್ಷ ಮೊದಲು ಸಾಧ್ಯವೇ ಇರಲಿಲ್ಲ. ಪ್ಲೇಟು ಬರುವ ಮೊದಲು ಹಳ್ಳಿಯ ಹುಡುಗನೊಬ್ಬ ಬರೋಡೆಯ ಆಸ್ಥಾನದ ಉಸ್ತಾದರನ್ನು ಕೇಳುವುದು ಕನಸಿನ ಮಾತು. ಕೇಳಿದರೂ ಒಂದೇ ಸಲ. ಪ್ಲೇಟು ಬಂದ ಮೇಲೆ ಅದೇ ಹಾಡನ್ನು ನೂರು ಸಲ ಕೇಳಬಹುದು. ಇನ್ನೊಂದು ಸಂಗತಿ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಮೂರು ನಿಮಿಷದ ಸಂಗೀತ. ಬೈಠಕ್‌ನಲ್ಲಿ ಗಂಟೆಗಟ್ಟಲೆ ಬಿಡಿಸಿ ಹಾಡುವ ರಾಗವನ್ನು ಉಸ್ತಾದರು ಮೂರು ನಿಮಿಷಕ್ಕೆ ಅಡಕ ಮಾಡಿ ಕೊಟ್ಟಿದ್ದರು. ಒಂದೊಂದು ಸ್ವರವೂ ಅಳೆದು ಇಟ್ಟದ್ದು. ಅಷ್ಟನ್ನು ಒಂದು ಮಗು ಇಡಿಯಾಗಿ ನುಂಗಿಕೊಳ್ಳಬಲ್ಲದು. ಗಂಟೆಯ ರಾಗವನ್ನು ಯಾವ ಮಗುವೂ ನುಂಗಲಾರದು, ಏಕೆಂದರೆ ಅದರಲ್ಲಿ ಪ್ರತಿ ಕ್ಷಣವೂ ಮುಂದೆ ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನ ಇರುತ್ತದೆ. ಇವತ್ತಿನ ಚಿಕ್ಕ ಚಿಕ್ಕ ರೀಲ್ಸ್‌ಗಳಲ್ಲಿ ಮಕ್ಕಳು ಮಿಂಚುವುದಕ್ಕೂ ಇದೇ ಕಾರಣ ಎಂದು ನನಗೆ ಅನ್ನಿಸುತ್ತದೆ. ತೀರ್ಮಾನವೆಲ್ಲ ಬೇರೆಯವರು ಮಾಡಿಟ್ಟ ತುಣುಕು ಅದು. ಮಗು ಅದನ್ನು ಅಚ್ಚುಕಟ್ಟಾಗಿ ಒಪ್ಪಿಸಿದರೆ ಸಾಕು.

ತಂದೆ ಮಗನನ್ನು ಕರೆದುಕೊಂಡು ಊರೂರು ಸುತ್ತಿದರು. ಕಾರ್ಯಕ್ರಮ, ಪದಕ, ಹೊಗಳಿಕೆ, ಒಂದಿಷ್ಟು ಹಣ. ಸಿದ್ರಾಮಯ್ಯನವರನ್ನು ದೂರುವುದು ಸುಲಭ, ನಾನು ದೂರಲಾರೆ. ಆ ಕಾಲದಲ್ಲಿ ಸಂಗೀತಗಾರನ ಮನೆಗೆ ಅನ್ನ ಬರುತ್ತಿದ್ದದ್ದೇ ಹಾಗೆ, ಮಗನ ಹಾಡನ್ನು ನಾಲ್ಕು ಜನ ಕೇಳಲಿ ಎಂದು ಯಾವ ತಂದೆಗೆ ಅನ್ನಿಸುವುದಿಲ್ಲ? 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹನ್ನೊಂದರ ಹುಡುಗ ಹಾಡಿದಾಗ ದೇಶದ ಹೆಸರಾಂತ ಗಾಯಕರೇ ಬೆರಗಾದರು. ಉತ್ತರ ಹಿಂದೂಸ್ತಾನದ ಪತ್ರಿಕೆಗಳಲ್ಲಿ, ಮೆಹಫಿಲುಗಳಲ್ಲಿ ಅವನದೇ ಮಾತು. ಅಲ್ಲಿಗೆ ಕಥೆ ಮುಗಿದಿದ್ದರೆ, ಗಂಟಲು ಒಡೆದು ದನಿ ಗಡುಸಾದ ಮೇಲೆ "ಚಿಕ್ಕಂದಿನಲ್ಲಿ ಎಷ್ಟು ಚೆನ್ನಾಗಿ ಹಾಡ್ತಿದ್ದ" ಎಂದು ಮುದುಕರು ನೆನೆಸಿಕೊಳ್ಳುವ ನೂರಾರು ಮಕ್ಕಳಲ್ಲಿ ಅವನೂ ಒಬ್ಬನಾಗುತ್ತಿದ್ದ.

ಮುಂದೆ ನಡೆದದ್ದನ್ನು ನಾನು ಅವನ ಬದುಕಿನ ಮೊದಲ ತಿರುವು ಎನ್ನುತ್ತೇನೆ. 1936ರಲ್ಲಿ ಮುಂಬಯಿಯ ಪ್ರೊಫೆಸರ್ ಬಿ. ಆರ್. ದೇವಧರ ಅವರ ಬಳಿ ಹುಡುಗನನ್ನು ಬಿಟ್ಟರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಮುಂಬಯಿಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದರು. ಅವರಿಗೊಂದು ವಿಶೇಷ ಗುಣ: ಯಾವ ಘರಾಣೆಯ ಬೇಲಿಯೊಳಗೂ ನಿಂತವರಲ್ಲ. ಯಾವ ಉಸ್ತಾದರ ಹತ್ತಿರ ಒಳ್ಳೆಯ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ರಚನೆ, ಇದೆಯೋ ಹುಡುಕಿಕೊಂಡು ಹೋಗಿ ಕಲಿತು ಬರುವವರು. ದೇಶಕ್ಕೆ ದೇಶವೇ ಕೊಂಡಾಡಿದ ಹುಡುಗ ಅವರ ಶಾಲೆಯಲ್ಲಿ ಮತ್ತೆ ಚಾಪೆಯ ಮೇಲೆ ಕೂತ. ತಾನು ಹಾಡುತ್ತಿದ್ದದ್ದರ ವ್ಯಾಕರಣ ಏನು, ಈ ರಾಗದಲ್ಲಿ ಈ ಸ್ವರ ಯಾಕೆ ಇಲ್ಲಿ ನಿಲ್ಲುತ್ತದೆ, ಅದನ್ನೇ ಇನ್ನೊಬ್ಬರು ಯಾಕೆ ಬೇರೆ ಥರ ಹಾಡುತ್ತಾರೆ ಎಂಬುದನ್ನೆಲ್ಲ ಅಲ್ಲಿ ಕಲಿತ. ಹಿರಿಯ ಗಾಯಕಿ ಅಂಜನೀಬಾಯಿ ಮಾಲ್ಪೇಕರ್ ಅವರಿಂದಲೂ ಪಾಠವಾಯಿತು. ಮುಂದೆ ಅದೇ ಶಾಲೆಯಲ್ಲಿ ಪಾಠ ಹೇಳುವವನೂ ಆದ. ಸುಮಾರು ಹನ್ನೊಂದು ವರ್ಷ ಹೀಗೆ ನಡೆಯಿತು. ವೇದಿಕೆ ಪೂರ್ತಿ ನಿಲ್ಲಲಿಲ್ಲ, ಆದರೆ ಅದು ಪಾಠದ ಹಿಂದೆ ಸರಿಯಿತು. ಕಲಿತಾಯಿತು ಎಂದು ಲೋಕವೆಲ್ಲ ಹೇಳುತ್ತಿರುವಾಗ ಒಬ್ಬ ಹಿರಿಯ "ಇನ್ನೂ ಇದೆ ಬಾ" ಎಂದು ಕೂರಿಸಿಕೊಳ್ಳುವುದು, ಹುಡುಗ ಅದಕ್ಕೆ ಒಪ್ಪಿ ಕೂರುವುದು, ಎರಡೂ ಅಪರೂಪ.

ಅದೇ ವರುಷಗಳಲ್ಲಿ ಅದೇ ಸೀಮೆಯ ಇನ್ನೊಬ್ಬ ಹುಡುಗನ ಕಥೆ ಬೇರೆಯೇ ದಾರಿ ಹಿಡಿದಿತ್ತು. ಗದಗಿನ ಭೀಮಸೇನ ಜೋಶಿ, ಶಿವಪುತ್ರನಿಗಿಂತ ಎರಡು ವರ್ಷ ದೊಡ್ಡವನು. ಅವನ ಕಿವಿಗೂ ಬಿದ್ದದ್ದು ಅದೇ ಅಬ್ದುಲ್ ಕರೀಂ ಖಾನರ ಪ್ಲೇಟು. ಅಂಗಡಿಯೊಂದರಲ್ಲಿ ಕೇಳಿದ ಆ ಠುಮರಿ ಹುಡುಗನ ನಿದ್ದೆ ಕೆಡಿಸಿತು. ಸುಳೇಭಾವಿಯ ಹುಡುಗ ಪ್ಲೇಟು ಕೇಳಿ ಹಾಡಿಯೇ ಬಿಟ್ಟ. ಗದಗಿನ ಹುಡುಗ, ಹೀಗೆ ಹಾಡುವುದು ಹೇಗೆಂದು ಕಲಿಯಲು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿದ. ಗ್ವಾಲಿಯರ್, ಲಖನೌ, ರಾಂಪುರ, ಕಲ್ಕತ್ತಾ ಎಂದು ಗುರುವನ್ನು ಹುಡುಕಿ ಅಲೆದ. ಕೊನೆಗೆ ತಂದೆ ಜಲಂಧರದಲ್ಲಿ ಮಗನನ್ನು ಕಂಡುಹಿಡಿದು ಕರೆತಂದರು. ಗುರು ಸಿಕ್ಕಿದ್ದು ಮನೆಯಿಂದ ಕೂಗಳತೆಯಲ್ಲಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅದೂ 1936ರಲ್ಲೇ. ಒಬ್ಬ ಪದಕಗಳ ಮೂಟೆ ಹೊತ್ತು ಗುರುವಿನ ಬಳಿ ಬಂದ, ಇನ್ನೊಬ್ಬ ಬರಿಗೈಲಿ ಬಂದ. ಭೀಮಸೇನರ ಮೊದಲ ಸಾರ್ವಜನಿಕ ಕಚೇರಿ ಆಗುವ ಹೊತ್ತಿಗೆ ಅವರಿಗೆ ಹತ್ತೊಂಬತ್ತು. ಮುಂದೆ ಭಾರತರತ್ನ ಬಂದದ್ದು ಅವರಿಗೆ.

ಇಬ್ಬರಲ್ಲಿ ಯಾರು ಹೆಚ್ಚು ಎಂದು ತೂಗಲು ಈ ಮಾತು ತೆಗೆದದ್ದಲ್ಲ. ಇಬ್ಬರನ್ನೂ ಗಂಟೆಗಟ್ಟಲೆ ಕೇಳಿ ಬೆಳೆದವನು ನಾನು. ಹನ್ನೆರಡರಲ್ಲಿ ಒಬ್ಬನ ಹೆಸರು ದೇಶಕ್ಕೆ ಗೊತ್ತಿತ್ತು, ಇನ್ನೊಬ್ಬನ ಹೆಸರು ಊರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಲವತ್ತಾಗುವಷ್ಟರಲ್ಲಿ ಆ ಅಂತರದ ಗುರುತೂ ಉಳಿದಿರಲಿಲ್ಲ. ಮೊದಲು ಹೊರಟದ್ದರಿಂದ ಸಿಗುವ ಲಾಭ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಕುಮಾರರ ಎರಡನೆಯ ತಿರುವು ಯಾರೂ ಬಯಸುವಂಥದ್ದಲ್ಲ. 1947ರಲ್ಲಿ ದೇವಧರರ ಶಾಲೆಯಲ್ಲೇ ಕಲಿಯುತ್ತಿದ್ದ ಭಾನುಮತಿ ಕಂಸ ಅವರೊಡನೆ ಮದುವೆಯಾಯಿತು. ಸ್ವಲ್ಪ ದಿನದಲ್ಲೇ ಕ್ಷಯ ಕಾಣಿಸಿಕೊಂಡಿತು. ಆ ಕಾಲದಲ್ಲಿ ಕ್ಷಯವೆಂದರೆ ಮನೆಯವರೆಲ್ಲ ಕೈಚೆಲ್ಲುವ ರೋಗ. ಮುಂಬಯಿಯ ತೇವದ ಗಾಳಿ ಆಗದು, ಒಣ ಹವೆಯ ಊರಿಗೆ ಹೋಗಿ ಎಂದು ವೈದ್ಯರು ಹೇಳಿದರು. 1948ರ ಆರಂಭದಲ್ಲಿ ಗಂಡಹೆಂಡತಿ ಮಾಳವ ಪ್ರದೇಶದ ದೇವಾಸ್ ಎಂಬ ಚಿಕ್ಕ ಊರಿಗೆ ಬಂದರು. ಹಾಡಬಾರದು, ಆಲಾಪವೂ ಬೇಡ ಎಂದು ವೈದ್ಯರ ಕಟ್ಟಪ್ಪಣೆ. ಏಳನೆಯ ವಯಸ್ಸಿನಿಂದ ಹಾಡುವುದೊಂದೇ ಕೆಲಸವಾಗಿದ್ದವನು ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದಲ್ಲಿ ಹಾಸಿಗೆ ಹಿಡಿದು ಬಾಯಿ ಮುಚ್ಚಿ ಮಲಗಬೇಕಾಯಿತು. ಹೆಚ್ಚುಕಡಿಮೆ ಐದು ವರ್ಷ.

ರೋಗದಿಂದ ಕಲೆ ಅರಳಿತು ಎಂದು ಬರೆಯುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕ್ಷಯ ಎಷ್ಟು ಗಾಯಕರನ್ನು ಹೊತ್ತೊಯ್ದಿತೋ ಲೆಕ್ಕವಿಲ್ಲ. ಕುಮಾರರು ಬದುಕಿದ್ದು ಎರಡು ಕಾರಣದಿಂದ: ಹೊಸದಾಗಿ ಸಿಗತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಔಷಧ, ಮತ್ತು ಭಾನುಮತಿ. ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದವರು ಆಕೆ. ಹಗಲು ನೌಕರಿ, ಉಳಿದ ಹೊತ್ತು ರೋಗಿಯ ಸೇವೆ. ಆಕೆಯೂ ಗಾಯಕಿ. ಕುಮಾರ ಗಂಧರ್ವರ ಬಗ್ಗೆ ಮಾತಾಡುವಾಗ ಈ ಹೆಸರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. 1961ರಲ್ಲಿ ಎರಡನೆಯ ಹೆರಿಗೆಯ ಹೊತ್ತಿಗೆ ಆಕೆ ತೀರಿಕೊಂಡರು. ಒಬ್ಬ ಬಾಲಪ್ರತಿಭೆ ದೊಡ್ಡ ಕಲಾವಿದನಾಗಿ ಬೆಳೆಯುವುದಕ್ಕೆ ಯಾರು ಯಾರು ಏನೇನು ತೆರುತ್ತಾರೆ ಎಂಬ ಲೆಕ್ಕ ಬರೆಯುವಾಗ ಮೊದಲು ಬರೆಯಬೇಕಾದ ಹೆಸರು ಅದು.

ಆದರೆ ಆ ಐದು ವರ್ಷದಲ್ಲಿ ಒಂದು ಸಂಗತಿ ನಡೆದದ್ದು ನಿಜ. ಹಾಡಲಾಗದ ಮನುಷ್ಯ ಕೇಳುತ್ತ ಮಲಗಿದ್ದ. ದೇವಾಸಿನ ಬೀದಿಯಲ್ಲಿ ಏಕತಾರಿ ಮೀಟುತ್ತ ಹೋಗುವ ನಾಥಪಂಥದ ಜೋಗಿಗಳು ಕಬೀರನ ನಿರ್ಗುಣ ಪದಗಳನ್ನು, ಅಂದರೆ ಗುಣ ಆಕಾರಗಳಿಲ್ಲದ ದೇವರ ಕುರಿತ ಪದಗಳನ್ನು, ಹಾಡುತ್ತಿದ್ದರು. ನೆರೆಹೊರೆಯ ಹೆಂಗಸರು ಮದುವೆಗೆ, ಮಳೆಗೆ, ಹಬ್ಬಕ್ಕೆ, ಹೆರಿಗೆಗೆ ಮಾಳವಿ ಹಾಡು ಹೇಳುತ್ತಿದ್ದರು. ಪ್ಲೇಟಿನ ಮೇಲೆ ಇಲ್ಲದ ಹಾಡು, ಯಾವ ಉಸ್ತಾದರದೂ ಅಲ್ಲದ ಹಾಡು. ಮೊದಲ ಸಲ ಅವರ ಕಿವಿಗೆ ಒಪ್ಪಿಸುವ ಒತ್ತಾಯ ಇರಲಿಲ್ಲ. ಕೇಳಿದ್ದನ್ನು ಮರುದಿನ ಯಾವ ಸಭೆಗೂ ಹಾಡಿ ತೋರಿಸಬೇಕಾಗಿರಲಿಲ್ಲ. ನಾಲ್ಕು ಸ್ವರದಲ್ಲಿ ಸುತ್ತಾಡುವ ಒಂದು ಜನಪದ ಧುನ್‌ನೊಳಗೆ, ಅಂದರೆ ಮಟ್ಟಿನೊಳಗೆ, ರಾಗವೊಂದು ಬೀಜವಾಗಿ ಹೇಗೆ ಕೂತಿರುತ್ತದೆ ಎಂದು ಯೋಚಿಸಲು ಅವರಿಗೆ ಬೇಕಾದಷ್ಟು ಹೊತ್ತಿತ್ತು.

1953ರ ಹೊತ್ತಿಗೆ ಮತ್ತೆ ವೇದಿಕೆ ಏರಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕಾಕಾನ ಹತ್ತಿರ ಕುಮಾರರ ಒಂದು ಕ್ಯಾಸೆಟ್ ಇತ್ತು. ಮೊದಲ ಸಲ ಕೇಳಿದಾಗ, ಇವರು ಯಾಕೆ ನಡುನಡುವೆ ತಟಕ್ಕನೆ ನಿಲ್ಲಿಸುತ್ತಾರೆ ಎಂದು ಕೇಳಿದ್ದೆ. "ಉಸಿರು ಅಷ್ಟ ಐತೋ ತಮ್ಮಾ ಅವ್ರಿಗೆ. ಇದ್ದಷ್ಟರಾಗ ಏನ್ ಮಾಡ್ಯಾರ ಅದನ್ನ ಕೇಳು" ಎಂದಿದ್ದ ಕಾಕಾ. ಆಮೇಲೆ ಆ ನಿಲುಗಡೆಗಳೇ ನನಗೆ ಬೇಕಾದವು. ಚಿಕ್ಕ ಚಿಕ್ಕ ತಾನಗಳು ಚಿಮ್ಮಿ ಬರುತ್ತವೆ, ಒಂದು ಸ್ವರ ಬಾಣದಂತೆ ನೆಟ್ಟು ನಿಲ್ಲುತ್ತದೆ, ಮೌನವಾಗುತ್ತದೆ, ಮತ್ತೆ ಬೇರೆ ದಿಕ್ಕಿನಿಂದ ಹಾಡು ಏಳುತ್ತದೆ. ಉದ್ದನೆಯ ಉಸಿರಿನ ಆಲಾಪದ ಮೇಲೆ ನಿಂತ ಪರಂಪರೆಯಲ್ಲಿ ಇದು ಎಲ್ಲರಿಗೂ ರುಚಿಸಲಿಲ್ಲ. ಸಂಪ್ರದಾಯಸ್ಥರು ಟೀಕಿಸಿದರು. ವಿಲಂಬಿತ (ನಿಧಾನ ಲಯದ ಹಾಡುಗಾರಿಕೆ) ಎಲ್ಲಿ, ಘರಾಣೆ ಯಾವುದು ಎಂದು ಕೇಳಿದರು. ಘರಾಣೆಯೆಂಬುದನ್ನೇ ಕುಮಾರರು ಒಪ್ಪುತ್ತಿರಲಿಲ್ಲ. ಯೋಚಿಸಿ ನೋಡಿ: ಹತ್ತನೆಯ ವಯಸ್ಸಿನಲ್ಲಿ ಎಲ್ಲ ಘರಾಣೆಗಳನ್ನೂ ಒಪ್ಪಿಸಬಲ್ಲವನಾಗಿದ್ದ ಮನುಷ್ಯ, ಮೂವತ್ತರ ಮೇಲೆ ಯಾವ ಘರಾಣೆಗೂ ಸೇರದೆ ಹಾಡುತ್ತಿದ್ದ.

1965ರಲ್ಲಿ ಅವರ ಸ್ವಂತ ರಚನೆಗಳ ಸಂಗ್ರಹ 'ಅನೂಪ ರಾಗ ವಿಲಾಸ' ಬಂತು. ಜನಪದ ಧುನ್‌ಗಳಿಂದ ಹುಟ್ಟಿಸಿದ ರಾಗಗಳನ್ನು ಅವರು 'ಧುನ್ ಉಗಮ್' ಎಂದು ಕರೆದರು. ಲಗನ್ ಗಾಂಧಾರ, ಸಂಜಾರಿ, ಮಾಲವತಿ, ಸಹೇಲಿ ತೋಡಿ, ಮಧುಸುರಜಾ, ಹೀಗೆ. ಗಾಂಧೀಜಿಯವರ ಜನ್ಮಶತಾಬ್ದಿಗೆಂದು ಗಾಂಧಿ ಮಲ್ಹಾರ ಕಟ್ಟಿದರು. ಕಬೀರನ ನಿರ್ಗುಣ ಪದಗಳನ್ನು ಬೀದಿಯಿಂದ ಎತ್ತಿ ಶಾಸ್ತ್ರೀಯ ವೇದಿಕೆಗೆ ತಂದು ಕೂರಿಸಿದರು. ಅದಾದ ಮೇಲೆ ಎಷ್ಟು ಜನ ಹಾಡಿದರೂ ಆ ಪದಗಳಲ್ಲಿ ಅವರ ನೆರಳು ಇದ್ದೇ ಇದೆ.

ಇವೆಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಬಾಲಗಂಧರ್ವರ ಹಾಡುಗಳ ಮೇಲೆ ಅವರು ನಡೆಸಿದ ಕಾರ್ಯಕ್ರಮ. ಅದಕ್ಕೆ ಅವರಿಟ್ಟ ಮರಾಠಿ ಹೆಸರಿನ ಅರ್ಥ 'ನನಗೆ ತಿಳಿದ ಬಾಲಗಂಧರ್ವ' ಎಂದು. ಬಾಲಗಂಧರ್ವರು ಮರಾಠಿ ರಂಗಭೂಮಿಯ ದೊರೆ, ಅವರ ನಾಟ್ಯಗೀತೆಗಳು ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಮನೆಮಾತು. ಚಿಕ್ಕಂದಿನಲ್ಲಿ ಹಿರಿಯರ ದನಿಯನ್ನು ಪಡಿಯಚ್ಚಿನಂತೆ ತೆಗೆದು ತೋರಿಸುತ್ತಿದ್ದವರು ಈಗ ಇನ್ನೊಬ್ಬ ಹಿರಿಯರ ಹಾಡುಗಳನ್ನು ಕೈಗೆತ್ತಿಕೊಂಡಿದ್ದರು. ಬಾಲಗಂಧರ್ವರಂತೆ ಹಾಡುವುದು ಅವರಿಗೆ ಎಡಗೈ ಆಟ. ಹಾಗೆ ಹಾಡಲಿಲ್ಲ. ಆ ಹಾಡಿನಲ್ಲಿ ತಮಗೆ ಕಂಡದ್ದೇನು ಎಂಬುದನ್ನು ಹಾಡಿದರು. ಒಪ್ಪಿಸುವುದಕ್ಕೂ ತಿಳಿಯುವುದಕ್ಕೂ ನಡುವಿನ ಆ ಹಾದಿ ಕ್ರಮಿಸಲು ಅವರಿಗೆ ಸುಮಾರು ಮೂವತ್ತು ವರ್ಷ ಹಿಡಿದಿತ್ತು.

ಈಗ ಇನ್ನೊಂದು ಮಗುವಿನ ಮಾತು. ಕುಮಾರರಿಗಿಂತ ಐದು ವರ್ಷ ಚಿಕ್ಕವರು, ಬೆಂಗಳೂರಿನಲ್ಲಿ 1929ರ ನವೆಂಬರ್ 4ರಂದು ಹುಟ್ಟಿದ ಶಕುಂತಲಾ ದೇವಿ. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗಳಿಗೆ ಇಸ್ಪೀಟಿನ ಆಟ ತೋರಿಸುವಾಗ ಅವಳ ಸಂಖ್ಯಾಸ್ಮರಣೆ ಗೊತ್ತಾಯಿತಂತೆ. ತಂದೆ ಸರ್ಕಸ್ಸು ಬಿಟ್ಟರು, ಮಗಳ ಲೆಕ್ಕದ ಪ್ರದರ್ಶನ ಶುರುವಾಯಿತು. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ತನ್ನ ಶಕ್ತಿ ತೋರಿಸಿದಳು. 1944ರಲ್ಲಿ ತಂದೆಯೊಡನೆ ಲಂಡನ್ನಿಗೆ ಹೋದಳು. ಕ್ರಮವಾದ ಶಾಲೆ ಅವಳಿಗೆ ಸಿಗಲಿಲ್ಲ.

ಆಕೆ ಮಾಡಿದ್ದು ಸಣ್ಣದಲ್ಲ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು, ಗಿನ್ನೆಸ್ ದಾಖಲೆಯಾಯಿತು. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. 61,629,875ರ ಘನಮೂಲ ಎಷ್ಟು ಎಂದು ಕೇಳಿದರೆ, ಜೆನ್ಸನ್ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ 395 ಎಂಬ ಉತ್ತರ ಬಂದಿತ್ತು. ಆದರೆ ದೀಪ ಹೊತ್ತಿದಾಗ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಆಕೆಯ ವೇಗ ಎಲ್ಲರಂತೆಯೇ ಇತ್ತು. ಅಂದರೆ ಮಿದುಳೇ ಮಿಂಚಿನ ವೇಗದ್ದು ಎಂಬ ವಿವರಣೆ ನಿಲ್ಲುವುದಿಲ್ಲ. ಎಳವೆಯಿಂದ ಸಂಖ್ಯೆಗಳೊಡನೆ ಬದುಕಿ, ಅವುಗಳೊಳಗಿನ ನಂಟುಗಳೆಲ್ಲ ನಾಲಿಗೆಯ ತುದಿಯಲ್ಲಿ ಕೂತಿದ್ದವು ಎನ್ನುವುದೇ ಹೆಚ್ಚು ಸರಿ.

ಆಕೆಯ ಬದುಕು ಸೋತ ಬದುಕಲ್ಲ. ಪುಸ್ತಕ ಬರೆದರು, ಲೋಕ ಸುತ್ತಿದರು, 1980ರ ಚುನಾವಣೆಯಲ್ಲಿ ಮೇದಕ್‌ನಲ್ಲಿ ಇಂದಿರಾ ಗಾಂಧಿಯವರ ಎದುರು ನಿಲ್ಲುವ ಧೈರ್ಯವನ್ನೂ ತೋರಿಸಿದರು. ಗಣಿತವೆಂದರೆ ಭಯಪಡುತ್ತಿದ್ದ ಲಕ್ಷಾಂತರ ಮಕ್ಕಳಿಗೆ ಅದು ಆಟವೆಂದು ತೋರಿಸಿದರು. ನನ್ನ ನೋವು ಬೇರೆ ಕಡೆ. ಆರರಲ್ಲಿ ಏನು ಮಾಡಿ ಚಪ್ಪಾಳೆ ಪಡೆದರೋ ಐವತ್ತರಲ್ಲೂ ಅದನ್ನೇ, ಇನ್ನಷ್ಟು ದೊಡ್ಡ ಅಂಕಿಗಳಲ್ಲಿ, ಮಾಡಿ ತೋರಿಸಬೇಕಾಯಿತು. ಅವರ ಕೈಹಿಡಿದು "ಲೆಕ್ಕ ಬಂತು, ಈಗ ಗಣಿತ ಕಲಿ" ಎಂದು ಕೂರಿಸುವ ಒಬ್ಬ ದೇವಧರ ಸಿಕ್ಕಿದ್ದರೆ? ಸಿಕ್ಕರೂ, ಮನೆಯ ಗಂಜಿ ಆ ಮಗುವಿನ ಪ್ರದರ್ಶನದಿಂದ ಬೇಯುತ್ತಿರುವಾಗ ಅವಳನ್ನು ವೇದಿಕೆಯಿಂದ ಇಳಿಸುವವರು ಯಾರು? ಹಳ್ಳಿಯಾಗಲಿ ನಗರವಾಗಲಿ, ಬಡತನದಲ್ಲಿ ಹುಟ್ಟಿದ ಪ್ರತಿಭೆಗೆ ಎಲ್ಲಕ್ಕಿಂತ ದುಬಾರಿಯಾದದ್ದು ಸಮಯ. ಅದರಲ್ಲೂ ಹೆಣ್ಣುಮಗುವಿಗೆ.

ಈ ವಿಷಯದ ಮೇಲೆ ವಿದೇಶದಲ್ಲಿ ಸಂಶೋಧನೆಗಳು ಬೇಕಾದಷ್ಟಿವೆ, ಎಲ್ಲವನ್ನೂ ಇಲ್ಲಿ ತುರುಕುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಬುದ್ಧಿಮತ್ತೆಯ ಪರೀಕ್ಷೆ ನಡೆಸಿ ಕ್ಯಾಲಿಫೋರ್ನಿಯಾದ 1,500ಕ್ಕೂ ಹೆಚ್ಚು ಅತಿಬುದ್ಧಿವಂತ ಮಕ್ಕಳನ್ನು ಆರಿಸಿ, ಜೀವನಪೂರ್ತಿ ಅವರ ಬೆನ್ನು ಹತ್ತಿದ. ಬಹುಪಾಲು ಮಕ್ಕಳು ಚೆನ್ನಾಗಿಯೇ ಬಾಳಿದರು. ನೊಬೆಲ್ ಮಾತ್ರ ಯಾರಿಗೂ ಬರಲಿಲ್ಲ. ಅಂಕ ಸಾಲದೆಂದು ಆಗ ಕೈಬಿಟ್ಟಿದ್ದ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್ ಇದ್ದರು. ಭೌತವಿಜ್ಞಾನದ ನೊಬೆಲ್ ಒಬ್ಬನಿಗೆ 1956ರಲ್ಲಿ, ಇನ್ನೊಬ್ಬನಿಗೆ 1968ರಲ್ಲಿ ಬಂತು. ಎಂಟು ಹತ್ತರ ವಯಸ್ಸಿನಲ್ಲಿ ನಾವು ಅಳೆಯಬಲ್ಲದ್ದು ಈಗಾಗಲೇ ಇರುವುದನ್ನು ಎಷ್ಟು ಬೇಗ ಹಿಡಿಯುತ್ತಾರೆ ಎಂಬುದನ್ನು. ಇಲ್ಲದ್ದನ್ನು ತರುವ ಶಕ್ತಿಗೆ ಅಳತೆಗೋಲು ಇನ್ನೂ ಸಿಕ್ಕಿಲ್ಲ.

ಸಿನಿಮಾದಲ್ಲಿ ಒಂದು ಉದಾಹರಣೆ ನಮ್ಮ ಕಣ್ಣೆದುರೇ ಇತ್ತು. ಪುನೀತ್ ರಾಜ್‌ಕುಮಾರ್ 'ಬೆಟ್ಟದ ಹೂವು' ಚಿತ್ರಕ್ಕೆ ಹತ್ತರ ವಯಸ್ಸಿನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ಹುಡುಗ. 1989ರ ನಂತರ ತೆರೆಯ ಮೇಲೆ ಕಾಣಲಿಲ್ಲ. ನಾಯಕನಾಗಿ ಬಂದದ್ದು 2002ರಲ್ಲಿ. ಹನ್ನೆರಡು ಹದಿಮೂರು ವರ್ಷದ ಆ ಬಿಡುವನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುದ್ದು ಮುಖದ ಮಾಸ್ಟರ್ ಲೋಹಿತ್‌ನನ್ನು ಜನ ನಿಧಾನವಾಗಿ ಬಿಟ್ಟುಕೊಟ್ಟು, ಅಪ್ಪುವನ್ನು ಹೊಸಬನಂತೆ ಎತ್ತಿಕೊಳ್ಳಲು ಆ ವರ್ಷಗಳೇ ಅನುವು ಮಾಡಿಕೊಟ್ಟವು ಎಂದು ನನಗನ್ನಿಸುತ್ತದೆ. ಹಣದ ಒತ್ತಡವಿಲ್ಲದ ಮನೆ ಅದು, ನಿಜ. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ಇಲ್ಲದವರಿಗೆಂದೇ ಕಾನೂನು ಇರಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 2017ರಲ್ಲಿ ಬಂದ ನಿಯಮಗಳು ಬಾಲಕಲಾವಿದರ ಬಗ್ಗೆ ಸ್ಪಷ್ಟವಾಗಿ ಹೇಳುತ್ತವೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೂಡದು, ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೂಡದು, ಓದು ನಿಲ್ಲಬಾರದು, ಸಂಪಾದನೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲೇ ಠೇವಣಿ ಇಡಬೇಕು. ಮಗುವನ್ನು ಸ್ಪರ್ಧೆಗೆ ಕಳುಹಿಸುವ ತಂದೆತಾಯಂದಿರಲ್ಲಿ ಈ ನಿಯಮ ಓದಿದವರನ್ನು ನಾನು ಕಂಡದ್ದು ಕಡಿಮೆ. ಇದನ್ನು ಓದುತ್ತಿರುವವರು ದಯವಿಟ್ಟು ಗೊತ್ತಿದ್ದವರಿಗೆಲ್ಲ ಹೇಳಿ. ಆದರೆ ಕಾನೂನು ಗಂಟೆ ಎಣಿಸಬಲ್ಲದು, ಹಣ ಎಣಿಸಬಲ್ಲದು. ಸ್ಪರ್ಧೆ ಮುಗಿದು ಮನೆಗೆ ಬಂದ ಮಗುವನ್ನು ಮತ್ತೆ ಚಾಪೆಯ ಮೇಲೆ ಕೂರಿಸುವ ಕೆಲಸ ಯಾವ ಕಾನೂನಿನ ಕೈಲೂ ಆಗುವುದಿಲ್ಲ.

ಹುಬ್ಬಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಕಳೆದ ವಾರ ಫೋನ್ ಮಾಡಿದ್ದಳು. ಅವಳ ಮಗಳಿಗೆ ಹತ್ತು ವರ್ಷ, ಕೊರಳು ಬಹಳ ಚೆನ್ನಾಗಿದೆ. ಯಾರೋ ವಿಡಿಯೋ ನೋಡಿ ಆಡಿಷನ್‌ಗೆ ಕರೆದಿದ್ದಾರೆ.

"ಅಣ್ಣಾ, ಕಳಸ್ಲೋ ಬ್ಯಾಡೋ ತಿಳೀವಲ್ದು. ಮಾಸ್ತರು ಬ್ಯಾಡ ಅಂತಾರ. ಇವ್ರು ಹೋಗ್ಲಿ ಅಂತಾರ. ಆಕಿಗಂತೂ ಹೋಗೂ ಹುಚ್ಚು ಹತ್ತೇತಿ."

ಬೇಡ ಎಂದು ನಾನು ಹೇಳಲಿಲ್ಲ. ಹಾಡುವ ಮಗುವಿಗೆ ಕೇಳುವವರು ಬೇಕು. ಅಲಹಾಬಾದಿನ ಆ ಸಭೆ ಇಲ್ಲದಿದ್ದರೆ ಶಿವಪುತ್ರ ಮುಂಬಯಿಯ ದೇವಧರರ ಕಣ್ಣಿಗೆ ಬೀಳುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು?

"ಹೋಗಿ ಹಾಡಿ ಬರ್ಲಿ ಬಿಡವಾ," ಎಂದೆ. "ಆದ್ರ ಬಂದ ಮರುದಿನಾನ ಮಾಸ್ತರ ಮುಂದ ಕುಂದರಸು. ಸೋತು ಬಂದ್ರೂ ಅಷ್ಟ, ಗೆದ್ದು ಬಂದ್ರೂ ಅಷ್ಟ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಸೋತು ಬಂದ್ರ ಕುಂದರತಾಳಣ್ಣ. ಗೆದ್ದು ಬಂದ್ರ ಕುಂದರತಾಳೇನು? ಆಕಿದ ಬಿಡು, ನಾವರ ಕುಂದರಸ್ತೇವೇನು? ಊರೂರಿಂದ ಕಾರ್ಯಕ್ರಮಕ್ಕ ಕರ್ಯಾಕ ಹತ್ತಿದ್ರ, ಇವ್ರು ಇಲ್ಲ ಅಂತಾರ ಅಂತ ಮಾಡೀಯೇನು?"

ಅವಳ ಗಂಡನದು ಸಣ್ಣ ಸ್ಟೇಷನರಿ ಅಂಗಡಿ, ಮೇಲೆ ಮನೆ ಕಟ್ಟಿಸಿದ ಸಾಲ. ಮಾಸ್ತರರ ಜೊತೆ ನಾನೇ ಒಂದು ಸಲ ಮಾತಾಡುತ್ತೇನೆ, ನಿನ್ನ ಗಂಡನನ್ನೂ ಕರೆದುಕೊಂಡು ಬಾ, ಮೂವರೂ ಕೂತು ಮಾತಾಡೋಣ ಎಂದು ಹೇಳಿದ್ದೇನೆ. ಆಡಿಷನ್ ಮುಂದಿನ ತಿಂಗಳು. ಈ ಭಾನುವಾರ ಹುಬ್ಬಳ್ಳಿಗೆ ಹೊರಟಿದ್ದೇನೆ.